ಮನೆಯಲ್ಲೇ ಇಟಾಲಿಯನ್ ಹೋಗೀ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಡೆಲ್ಫಿಯಾ, ಸೌತ್ ಜರ್ಸಿ, ಡೆಲವೇರ್ ಕಡೆ ಇರುವ ನಮ್ಮವರು ಹೋಗೀ ಅನ್ನುವ ತಣ್ಣನೆಯ ಸ್ಯಾಂಡ್‌ವಿಚ್ ಬಗ್ಗೆ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಬೇಕಾದ ಸಾಮಾನೆಲ್ಲ ನೀವು ವಾರವಾರ ಹೋಗುವ ಗ್ರೋಸರಿ ಅಂಗಡಿಯಲ್ಲೇ ಸಿಗುತ್ತದೆ. ಒಲೆ ಹಚ್ಚುವ ಕೆಲಸವೂ ಹೆಚ್ಚುಕಡಿಮೆ ಇಲ್ಲ. ಆದರೂ ಮನೆಯಲ್ಲಿ ಮಾಡಿದರೆ ಅಂಗಡಿಯ ರುಚಿ ಬರುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಕಾರಣ ಎರಡೇ. ಒಂದು, ಬ್ರೆಡ್ ಸರಿಯಿರುವುದಿಲ್ಲ. ಇನ್ನೊಂದು, ಮಾಂಸದ ಹೋಳು ದಪ್ಪ ಇರುತ್ತದೆ. ಹಾಗಾಗಿ ಇವೆರಡರ ಬಗ್ಗೆ ಜಾಸ್ತಿ ಬರೆದಿದ್ದೇನೆ, ಉಳಿದದ್ದು ಚುಟುಕಾಗಿದೆ.

ಹೋಗೀ ಅಂದರೆ ಸಬ್ ತಾನೆ?

ಹೌದು, ಅದೇ ಮನೆತನ. ಉದ್ದನೆಯ ರೋಲ್ ಸೀಳಿ, ಒಳಗೆ ಚೀಸು, ಉಪ್ಪು ಹಾಕಿ ಹದ ಮಾಡಿದ ಮಾಂಸ, ಲೆಟಿಸ್, ಟೊಮೆಟೊ, ಈರುಳ್ಳಿ ಇಟ್ಟು, ಮೇಲೆ ಎಣ್ಣೆ, ವಿನೆಗರ್, ಒರಿಗ್ಯಾನೊ ಹಾಕಿದ ತಣ್ಣನೆಯ ಸ್ಯಾಂಡ್‌ವಿಚ್. ನ್ಯೂಯಾರ್ಕಿನವರು ಹೀರೋ ಅನ್ನುತ್ತಾರೆ, ನ್ಯೂ ಇಂಗ್ಲೆಂಡ್ ಕಡೆ ಗ್ರೈಂಡರ್, ಮಿಕ್ಕ ಕಡೆ ಸಬ್. ಫಿಲಡೆಲ್ಫಿಯಾದಲ್ಲಿ ಮಾತ್ರ ಹೋಗೀ ಅಂತಲೇ ಕೇಳಬೇಕು. 1992ರಲ್ಲಿ ಎಡ್ ರೆಂಡೆಲ್ ಮೇಯರ್ ಆಗಿದ್ದಾಗ ಇದನ್ನು ಊರಿನ ಅಧಿಕೃತ ಸ್ಯಾಂಡ್‌ವಿಚ್ ಅಂತ ಘೋಷಿಸಿದರು. ಹುಟ್ಟಿನ ಬಗ್ಗೆ ಕಥೆಗಳು ಹಲವು. ಜಾಸ್ತಿ ಕೇಳಿಬರುವುದು ಹಾಗ್ ಐಲೆಂಡಿನ ಕಥೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹಡಗು ಕಟ್ಟುತ್ತಿದ್ದ ಇಟಾಲಿಯನ್ ಕೆಲಸಗಾರರು ಮಧ್ಯಾಹ್ನದ ಊಟಕ್ಕೆ ಇಂಥದ್ದನ್ನು ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ಆ ಜಾಗದಲ್ಲಿ ಫಿಲಡೆಲ್ಫಿಯಾ ವಿಮಾನ ನಿಲ್ದಾಣ ಇದೆ. ಊರಿಂದ ಬಂದು ನಾವೆಲ್ಲ ಇಳಿಯುವ ಜಾಗ ಅದೇ.

ಚೀಸ್‌ಸ್ಟೇಕ್ ಬೇರೆನಾ?

ಬೇರೆ. ಅದು ಬಿಸಿ, ಕಾವಲಿಯ ಮೇಲೆ ಹುರಿದ ದನದ ಮಾಂಸದ್ದು. ಇದು ತಣ್ಣಗಿರುವುದು.

ಯಾವ ಬ್ರೆಡ್ ತರಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮಾಂಸಕ್ಕೆ ದುಡ್ಡು ಸುರಿದು ಬ್ರೆಡ್ಡಿಗೆ ಸಿಕ್ಕಿದ್ದನ್ನು ಹಾಕಿಕೊಂಡರೆ ಹೋಗೀ ಆಗುವುದಿಲ್ಲ.

ರೋಲಿನ ಮೇಲ್ಪದರ ತೆಳ್ಳಗಿರಬೇಕು, ಹಿಡಿದರೆ ಸ್ವಲ್ಪ ಗಟ್ಟಿ ಅನ್ನಿಸಬೇಕು. ಒಳಗೆ ಮೃದು, ಆದರೆ ಅಗಿಯುವಾಗ ಜಗ್ಗಬೇಕು. ಅಂಗಡಿಯಲ್ಲಿ ಹೀಗೆ ನೋಡಿ: ಪ್ಯಾಕೆಟ್ ಹೊರಗಿನಿಂದಲೇ ರೋಲನ್ನು ಮೆಲ್ಲಗೆ ಒತ್ತಿ ಬಿಡಿ. ಒತ್ತಿದಲ್ಲಿ ತಗ್ಗು ಹಾಗೇ ಉಳಿದರೆ ಅದು ಹಾಟ್‌ಡಾಗ್ ಬನ್ನಿನ ಜಾತಿ, ಎಣ್ಣೆ ವಿನೆಗರ್ ಬಿದ್ದ ಕೂಡಲೇ ಹರಿದುಹೋಗುತ್ತದೆ. ನಿಧಾನಕ್ಕೆ ಮೇಲೆದ್ದು ಬಂದರೆ ತೊಗೊಳ್ಳಿ. ಬಾಗೆಟ್ ಬೇಡ. ಅದರ ಮೇಲ್ಪದರ ತುಂಬಾ ಗಟ್ಟಿ. ಕಚ್ಚಿದಾಗ ಒಳಗಿನದ್ದೆಲ್ಲ ಹಿಂದಿನಿಂದ ಜಾರಿ ತಟ್ಟೆಗೆ ಬೀಳುತ್ತದೆ, ಅಂಗುಳವೂ ಕೆರೆಯುತ್ತದೆ.

ಈ ಭಾಗದ ಸೂಪರ್‌ಮಾರ್ಕೆಟ್‌ಗಳಲ್ಲಿ ಅಮೊರೊಸೊ, ಲಿಶಿಯೋ ಹೆಸರಿನ ರೋಲ್‌ಗಳು ಕಾಣಿಸುತ್ತವೆ. ಕೆಲವು ಅಂಗಡಿಗಳು ತಮ್ಮದೇ ಬೇಕರಿಯಲ್ಲಿ ಬೆಳಿಗ್ಗೆ ಸುಟ್ಟ ಸಬ್ ರೋಲ್ ಇಡುತ್ತವೆ. ಅವೂ ಚೆನ್ನಾಗಿರುತ್ತವೆ, ಅದೇ ದಿನ ತಿಂದು ಮುಗಿಸುವುದಾದರೆ. ಎಳ್ಳು ಹಚ್ಚಿದ್ದು ಸಿಕ್ಕಿದರೆ ಬಿಡಬೇಡಿ. ಸೌತ್ ಫಿಲಡೆಲ್ಫಿಯಾದ 9ನೇ ಬೀದಿಯಲ್ಲಿ 1918ರಿಂದ ಇರುವ ಸಾರ್ಕೋನ್ಸ್ ಬೇಕರಿಯ ಎಳ್ಳಿನ ರೋಲ್ ಒಮ್ಮೆ ತಿಂದು ನೋಡಿ. ಅಲ್ಲಿನವರು ಬ್ರೆಡ್ ಬಗ್ಗೆ ಯಾಕೆ ಅಷ್ಟು ವಾದ ಮಾಡುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಪ್ಯಾಕೆಟ್ ರೋಲ್ ಮೆತ್ತಗಿದೆ. ಏನಾದರೂ ಮಾಡಬಹುದಾ?

ಮಾಡಬಹುದು. ಕೈ ಒದ್ದೆ ಮಾಡಿಕೊಂಡು ರೋಲಿನ ಮೇಲೆ ಒಂದು ಸಲ ಸವರಿ. 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್‌ಗೆ ಕಾದ ಅವನ್ನಿನಲ್ಲಿ 4-5 ನಿಮಿಷ ಇಡಿ. ಮೇಲ್ಪದರ ಮತ್ತೆ ಗರಿಯಾಗುತ್ತದೆ. ಆಮೇಲೆ ಪೂರ್ತಿ ಆರಲು ಬಿಡಿ. ಬಿಸಿ ಬ್ರೆಡ್ಡಿಗೆ ಚೀಸು ಇಟ್ಟರೆ ಬೆವರುತ್ತದೆ, ಲೆಟಿಸ್ ಬಾಡುತ್ತದೆ. ಮೈಕ್ರೋವೇವ್ ಬೇಡವೇ ಬೇಡ.

ರೋಲ್ ಸೀಳುವುದು ಹೇಗೆ?

ಉದ್ದಕ್ಕೆ ಒಂದು ಬದಿಯಿಂದ ಕೊಯ್ಯಿರಿ, ಇನ್ನೊಂದು ಬದಿ ಅಂಟಿಕೊಂಡೇ ಇರಲಿ. ಪುಸ್ತಕದ ಹಾಗೆ ತೆರೆಯಬೇಕು. ರೋಲ್ ದಪ್ಪ ಇದ್ದರೆ ಮೇಲಿನ ಅರ್ಧದ ಒಳಗಿನ ಮೆತ್ತನೆಯ ಭಾಗವನ್ನು ಬೆರಳಿನಲ್ಲಿ ಸ್ವಲ್ಪ ಕಿತ್ತು ತೆಗೆಯಿರಿ. ತರಕಾರಿ ಕೂರಲು ಜಾಗ ಆಗುತ್ತದೆ.

ಯಾವ ಯಾವ ಮಾಂಸ? ಎಷ್ಟು ಬಗೆ ಬೇಕು?

ಮೂರು ಬಗೆ ಸಾಕು. ಐದಾರು ಸೇರಿಸಿದರೆ ಯಾವುದರ ರುಚಿಯೂ ಬೇರೆಯಾಗಿ ಸಿಗುವುದಿಲ್ಲ. ನನ್ನ ಆಯ್ಕೆ ಹೀಗಿದೆ.

ಮೊದಲನೆಯದು ಜೆನೋವಾ ಸಲಾಮಿ. ಹಂದಿ ಮಾಂಸ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಹುದುಗಿಸಿದ್ದು, ಹಾಗಾಗಿ ಸಣ್ಣ ಹುಳಿ ಇರುತ್ತದೆ. ಪಕ್ಕದಲ್ಲೇ ಹಾರ್ಡ್ ಸಲಾಮಿ ಇರುತ್ತದೆ, ಅದು ಇನ್ನೂ ಒಣಗಿದ್ದು. ಹೋಗೀಗೆ ಜೆನೋವಾನೇ ವಾಸಿ.

ಎರಡನೆಯದು ಕ್ಯಾಪಿಕೋಲಾ. ಈ ಹೆಸರಿನಲ್ಲಿ ಎರಡು ಸಾಮಾನು ಸಿಗುತ್ತವೆ, ಗಮನವಿರಲಿ. ಹ್ಯಾಮ್ ಕ್ಯಾಪಿ ಅನ್ನುವುದು ಬೇಯಿಸಿದ ಹ್ಯಾಮ್, ಅಂಚಿಗೆ ಕೆಂಪು ಖಾರ ಸವರಿರುತ್ತಾರೆ. ಅಗ್ಗ, ಮೆತ್ತಗಿರುತ್ತದೆ. ಇನ್ನೊಂದು ಹಂದಿಯ ಕತ್ತಿನ ಭಾಗವನ್ನು ಉಪ್ಪು ಹಾಕಿ ಒಣಗಿಸಿದ್ದು. ಬೆಲೆ ಜಾಸ್ತಿ, ರುಚಿಯೂ ಗಾಢ. ಹೋಗೀಗೆ ಎರಡೂ ನಡೆಯುತ್ತವೆ. ಮೊದಲ ಸಲಕ್ಕೆ ಹ್ಯಾಮ್ ಕ್ಯಾಪಿಯ ಖಾರದ ಬಗೆ ತೊಗೊಳ್ಳಿ. ಮಾಂಸ, ಚೀಸು ಹೆಚ್ಚಿಕೊಡುವ ಡೆಲಿ ಕೌಂಟರಿನಲ್ಲಿ ನಿಮ್ಮ ಹಿಂದೆ ನಿಂತಿರುವ ಅಜ್ಜ 'ಗಬಗೂಲ್' ಅಂತ ಕೇಳಿದರೆ ಅವರಿಗೆ ಬೇಕಾಗಿರುವುದೂ ಕ್ಯಾಪಿಕೋಲಾನೇ. ಇಲ್ಲಿನ ಹಳೆಯ ಇಟಾಲಿಯನ್ ಮನೆಗಳಲ್ಲಿ ಹಾಗೇ ಕರೆಯುತ್ತಾರೆ.

ಮೂರನೆಯದು ಪ್ರೊಶುಟ್ಟೋ. ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿ ತೊಡೆ. ದುಬಾರಿ ಅನ್ನಿಸಿದರೆ ಬಿಟ್ಟು ಮಾರ್ಟಡೆಲ್ಲಾ ತೊಗೊಳ್ಳಿ. ಅದು ನುಣ್ಣಗೆ ರುಬ್ಬಿ ಬೇಯಿಸಿದ್ದು, ನಡುನಡುವೆ ಕೊಬ್ಬಿನ ಬಿಳಿ ಚುಕ್ಕೆ, ಕೆಲವದರಲ್ಲಿ ಪಿಸ್ತಾ. ಖಾರ, ಹುಳಿ, ಉಪ್ಪಿನ ನಡುವೆ ಅದರ ಸೌಮ್ಯ ರುಚಿ ಚೆನ್ನಾಗಿ ಹೊಂದುತ್ತದೆ. ಪೆಪ್ಪರೋನಿ ಪಿಜ್ಜಾಕ್ಕೇ ಇರಲಿ.

ದನದ ಮಾಂಸ ನಮಗೆ ಆಗುವುದಿಲ್ಲ. ಇದರಲ್ಲಿ ಇರುತ್ತದಾ?

ಇರಬಹುದು. ಇಲ್ಲಿ ಹೇಳಿದ್ದೆಲ್ಲ ಮುಖ್ಯವಾಗಿ ಹಂದಿ ಮಾಂಸವೇ. ಆದರೆ ಕೆಲವು ಕಂಪನಿಗಳ ಸಲಾಮಿಯಲ್ಲಿ ದನದ ಅಥವಾ ಕರುವಿನ ಮಾಂಸ ಸೇರಿರುತ್ತದೆ. ಕೌಂಟರಿನಲ್ಲಿ ದೊಡ್ಡ ಗುಂಡನ್ನೇ ತಿರುಗಿಸಿ ಲೇಬಲ್ ತೋರಿಸಿ ಅಂತ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಂದಿಯೂ ಆಗದವರಿಗೆ ಟರ್ಕಿ ಹೋಗೀ ಇದೆ, ಟ್ಯೂನಾ ಹೋಗೀ ಇದೆ. ಎರಡೂ ಇಲ್ಲಿನ ಮೆನುಗಳಲ್ಲಿ ಮಾಮೂಲಿ.

ಡೆಲಿ ಕೌಂಟರಿಗೇ ಹೋಗಬೇಕಾ? ಪ್ಯಾಕೆಟ್ಟಿನಲ್ಲಿ ಹೋಳು ಮಾಡಿಟ್ಟದ್ದು ಆಗಲ್ವಾ?

ಹೋಗಲೇಬೇಕು ಅನ್ನುತ್ತೇನೆ. ಹೊಸಬರಿಗೆ ಅಲ್ಲಿ ಸಂಕೋಚ ಆಗುತ್ತದೆ. ಹಿಂದೆ ಜನ ಕಾಯುತ್ತಿರುತ್ತಾರೆ, ಏನು ಕೇಳಬೇಕು ಗೊತ್ತಾಗುವುದಿಲ್ಲ. ಹಾಗಾಗಿ ಸುಮ್ನೆ ಪ್ಯಾಕೆಟ್ ಎತ್ತಿಕೊಂಡು ಬಂದುಬಿಡುತ್ತಾರೆ. ಆ ಪ್ಯಾಕೆಟ್ಟಿನ ಹೋಳು ದಪ್ಪ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹೋಗೀ ಕೆಡುವುದು ಅಲ್ಲೇ.

ಕೌಂಟರಿನ ಕೆಲಸ ಸುಲಭ. ಮೊದಲು ನಂಬರ್ ಚೀಟಿ ಹರಿದುಕೊಳ್ಳಿ. ನಿಮ್ಮ ನಂಬರ್ ಕೂಗಿದಾಗ ಮೂರು ವಿಷಯ ಹೇಳಿ: ಯಾವ ಮಾಂಸ, ಎಷ್ಟು ಪೌಂಡ್, ಎಷ್ಟು ತೆಳು. ಕಾಲು ಪೌಂಡ್ ಅಂದರೆ ಸುಮಾರು 113 ಗ್ರಾಂ, ಅರ್ಧ ಅಂದರೆ 227 ಗ್ರಾಂ. 'ವೆರಿ ಥಿನ್' ಅಂದರೆ ಅರ್ಥವಾಗುತ್ತದೆ. 'ಶೇವ್ಡ್' ಅಂದರೆ ಇನ್ನೂ ತೆಳು, ಹೋಳು ಉಳಿಯದೆ ಎಳೆ ಎಳೆಯಾಗಿ ಉದುರುತ್ತದೆ. ಅದು ಟರ್ಕಿಗೆ ಸರಿ, ಸಲಾಮಿಗೆ ಬೇಡ. ಯಂತ್ರದ ನಂಬರ್ ಹೇಳಲು ಹೋಗಬೇಡಿ, ಒಂದೊಂದು ಯಂತ್ರಕ್ಕೆ ಒಂದೊಂದು ಅಳತೆ.

ಹೆಚ್ಚುವವರು ಮೊದಲ ಹೋಳನ್ನು ಎತ್ತಿ ಹಿಡಿದು 'ಇಷ್ಟು ಸಾಕಾ' ಅಂತ ಕೇಳುತ್ತಾರೆ. ಎಲ್ಲ ತೀರ್ಮಾನ ಆಗುವುದು ಆ ಕ್ಷಣದಲ್ಲಿ. ಪ್ರೊಶುಟ್ಟೋ ಆದರೆ ಅದರ ಹಿಂದಿನ ಕೈಗವಸಿನ ಬೆರಳು ಕಾಣಿಸಬೇಕು. ಸಲಾಮಿ, ಕ್ಯಾಪಿ ಆದರೆ ಹೋಳು ತನ್ನ ಭಾರಕ್ಕೇ ಬಾಗಬೇಕು, ಹಲಗೆಯ ಹಾಗೆ ನೆಟ್ಟಗೆ ನಿಲ್ಲಬಾರದು. ದಪ್ಪ ಅನ್ನಿಸಿದರೆ ಇನ್ನೂ ತೆಳ್ಳಗೆ ಅಂತ ಹೇಳಿ. ಆ ಹೋಳನ್ನು ನಿಮಗೇ ತಿನ್ನಲು ಕೊಡುವುದೂ ಉಂಟು. ಪ್ರೊಶುಟ್ಟೋ ಹೋಳುಗಳ ನಡುವೆ ಕಾಗದ ಹಾಕಿ ಅಂತ ಕೇಳಿ, ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ಒಂದೇ ಮುದ್ದೆ.

ತೆಳ್ಳಗಿದ್ದರೆ ಅಷ್ಟು ವ್ಯತ್ಯಾಸ ಯಾಕೆ?

ಕಚ್ಚಿದಾಗ ತೆಳು ಹೋಳು ತುಂಡಾಗುತ್ತದೆ. ದಪ್ಪನೆಯದು ತುಂಡಾಗದೆ ಇಡೀ ಹೋಳೇ ಬಾಯಿಗೆ ಎಳೆದುಕೊಂಡು ಬರುತ್ತದೆ. ತೆಳು ಹೋಳಿನ ಕೊಬ್ಬು ಬಾಯಿಯ ಬಿಸಿಗೆ ಬೇಗ ಕರಗುತ್ತದೆ, ರುಚಿಯೆಲ್ಲ ಅದರಲ್ಲೇ ಇರುವುದು. ಮಡಿಸಿ ಇಟ್ಟಾಗ ಮಡಿಕೆಗಳ ನಡುವೆ ಗಾಳಿ ಉಳಿಯುತ್ತದೆ, ಎಣ್ಣೆ ಮತ್ತು ವಿನೆಗರ್ ಆ ಸಂದಿಗೆ ಇಳಿಯುತ್ತದೆ. ಹೀಗಾಗಿ ಕಡಿಮೆ ಮಾಂಸದಲ್ಲೇ ತುಂಬಿದ ಹೋಗೀ ಆಗುತ್ತದೆ.

ನಾಲ್ಕು ಜನಕ್ಕೆ ಎಷ್ಟು ತರಬೇಕು?

8 ಇಂಚಿನ ರೋಲ್ 4. ಹ್ಯಾಮ್ ಕ್ಯಾಪಿ ಅರ್ಧ ಪೌಂಡ್, ಜೆನೋವಾ ಸಲಾಮಿ ಕಾಲು ಪೌಂಡ್, ಪ್ರೊಶುಟ್ಟೋ ಕಾಲು ಪೌಂಡ್. ಪ್ರೊವಲೋನ್ ಚೀಸು ಅರ್ಧ ಪೌಂಡ್. ಐಸ್‌ಬರ್ಗ್ ಲೆಟಿಸ್ ಅರ್ಧ ಗಡ್ಡೆ, ಟೊಮೆಟೊ 2, ಈರುಳ್ಳಿ 1. ಒಂದು ಹೋಗೀಗೆ ಎಣ್ಣೆ ಒಂದೂವರೆ ದೊಡ್ಡ ಚಮಚ, ವಿನೆಗರ್ 2 ಸಣ್ಣ ಚಮಚ, ಒಣ ಒರಿಗ್ಯಾನೊ ಕಾಲು ಸಣ್ಣ ಚಮಚದಷ್ಟು. ಹೊಟ್ಟೆ ತುಂಬುವ ಊಟ ಇದು, ಮಕ್ಕಳಿಗೆ ಅರ್ಧ ಸಾಕು.

ಚೀಸು ಯಾವುದು?

ಪ್ರೊವಲೋನ್. ಸೌಮ್ಯ ಬಗೆ ಒಂದು, ಶಾರ್ಪ್ ಅನ್ನುವ ಬಗೆ ಒಂದು. ಶಾರ್ಪ್ ಅನ್ನು ಜಾಸ್ತಿ ತಿಂಗಳು ಹಣ್ಣಾಗಲು ಬಿಟ್ಟಿರುತ್ತಾರೆ. ಮೂಗಿಗೆ ಹತ್ತುವ ಘಾಟು, ಸ್ವಲ್ಪ ಪುಡಿಯಾಗುತ್ತದೆ. ನಾನಂತೂ ಶಾರ್ಪ್ ಪಕ್ಷ. ಮಾಂಸದ ಕೊಬ್ಬಿಗೆ ಎದುರು ನಿಲ್ಲುವ ಶಕ್ತಿ ಅದಕ್ಕಿದೆ. ಮಕ್ಕಳಿದ್ದರೆ ಅರ್ಧ ಅರ್ಧ ತೊಗೊಳ್ಳಿ. ಮೊಜರೆಲ್ಲಾ ನೀರು ಬಿಡುತ್ತದೆ, ಇದಕ್ಕೆ ಸರಿಹೋಗಲ್ಲ.

ಪ್ರೊವಲೋನ್ ಸಸ್ಯಾಹಾರಿಯಾ?

ಎಲ್ಲವೂ ಅಲ್ಲ. ಹಾಲು ಒಡೆಸಲು ಹಾಕುವ ರೆನೆಟ್ ಪ್ರಾಣಿಯ ಹೊಟ್ಟೆಯಿಂದ ಬಂದದ್ದಿರಬಹುದು. ಇಟಲಿಯ ಸಾಂಪ್ರದಾಯಿಕ ಶಾರ್ಪ್ ಪ್ರೊವಲೋನ್‌ಗೆ ಆಡಿನ ಮರಿ ಅಥವಾ ಕುರಿಮರಿಯ ರೆನೆಟ್ ಬಳಸುತ್ತಾರೆ, ಆ ಘಾಟು ಬರುವುದರಲ್ಲಿ ಅದರ ಪಾತ್ರವೂ ಇದೆ. ಅಮೆರಿಕದಲ್ಲಿ ತಯಾರಾದ ಎಷ್ಟೋ ಚೀಸುಗಳಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮೈಕ್ರೋಬಿಯಲ್ ರೆನೆಟ್ ಇರುತ್ತದೆ, ಅದು ನಡೆಯುತ್ತದೆ. ಲೇಬಲ್ ಮೇಲೆ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ಅಂತ ಇದ್ದರೆ ತೊಗೊಳ್ಳಿ. ಬರೀ ಎಂಜೈಮ್ಸ್ ಅಂತ ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಕಟ್ಟುನಿಟ್ಟಿನವರಿಗೆ ಅದನ್ನು ಕೊಡಬೇಡಿ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮಾಂಸ ತಿನ್ನಲ್ಲ. ಅವರಿಗೇನು ಮಾಡಲಿ?

ಲೆಟಿಸ್, ಟೊಮೆಟೊ, ಚೀಸು ಇಟ್ಟು ಮಾಂಸ ಮಾತ್ರ ಬಿಟ್ಟು ಕೊಡಬೇಡಿ. ಅದು ಅರೆಬರೆ ಊಟ, ಹಿರಿಯರಿಗೆ ಹಾಗೆ ಬಡಿಸಬಾರದು. ಸೌತ್ ಫಿಲಡೆಲ್ಫಿಯಾದವರೇ ತಿನ್ನುವ ತರಕಾರಿ ಹೋಗೀ ಇದೆ, ಅದನ್ನು ಮಾಡಿ.

ದೊಡ್ಡ ಬದನೆಕಾಯಿಯನ್ನು ಅರ್ಧ ಇಂಚಿಗಿಂತ ಸ್ವಲ್ಪ ತೆಳ್ಳಗೆ ಬಿಲ್ಲೆ ಮಾಡಿ, ಉಪ್ಪು ಹಚ್ಚಿ ಅರ್ಧ ಗಂಟೆ ಇಡಿ. ಬಿಟ್ಟ ನೀರನ್ನು ಒರೆಸಿ, ಎರಡೂ ಕಡೆ ಧಾರಾಳವಾಗಿ ಎಣ್ಣೆ ಸವರಿ, 425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20-25 ನಿಮಿಷ ಸುಡಿ. ನಡುವೆ ಒಮ್ಮೆ ತಿರುವಿ ಹಾಕಿ. ಅಂಚು ಕಂದಾಗಬೇಕು, ನಡುಭಾಗ ಬೆರಳಿನಲ್ಲಿ ಒತ್ತಿದರೆ ಕುಸಿಯಬೇಕು.

ಜೊತೆಗೆ ಬ್ರೊಕೊಲಿ ರಾಬ್. ಬ್ರೊಕೊಲಿ ಅಲ್ಲ ಇದು, ಕಹಿ ಸೊಪ್ಪು. ಹಾಗಲಕಾಯಿ ಇಷ್ಟಪಡುವ ಮನೆಯವರಿಗೆ ತಕ್ಷಣ ಹಿಡಿಸುತ್ತದೆ. ಉಪ್ಪು ನೀರಿನಲ್ಲಿ ಒಂದೆರಡು ನಿಮಿಷ ಕುದಿಸಿ ಬಸಿದು, ಆರಿದ ಮೇಲೆ ಗಟ್ಟಿಯಾಗಿ ಹಿಂಡಿ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನ ತರಿ ಹಾಕಿ ಬಾಡಿಸಿ. ಹಿಂಡುವುದನ್ನು ಮರೆತರೆ ಬ್ರೆಡ್ ನೆನೆದುಹೋಗುತ್ತದೆ. ಜಾಡಿಯಲ್ಲಿ ಬರುವ ಸುಟ್ಟ ಕೆಂಪು ಕ್ಯಾಪ್ಸಿಕಂ ಮತ್ತು ಸಸ್ಯಾಹಾರಿ ರೆನೆಟ್ಟಿನ ಪ್ರೊವಲೋನ್ ಸೇರಿಸಿದರೆ ಮುಗಿಯಿತು. ಬೆಳ್ಳುಳ್ಳಿ ತಿನ್ನದವರಿದ್ದರೆ ಮೆಣಸಿನ ತರಿಯೊಂದೇ ಸಾಕು. ಅವರ ರೋಲಿಗೆ ಬೇರೆ ಹಲಗೆ, ಬೇರೆ ಚಾಕು ಇಡಿ. ಡೆಲಿಯಲ್ಲಿ ಚೀಸನ್ನೂ ಮಾಂಸದ ಯಂತ್ರದಲ್ಲೇ ಹೆಚ್ಚಿರಬಹುದು, ಅವರಿಗೆ ಮಾತ್ರ ಸೀಲ್ ಆದ ಪ್ಯಾಕೆಟ್ ಚೀಸು ತನ್ನಿ.

ಯಾವುದರ ಮೇಲೆ ಯಾವುದು?

ಬ್ರೆಡ್ಡಿಗೆ ನಾಲ್ಕು ಹನಿ ಎಣ್ಣೆ. ಅದರ ಮೇಲೆ ಪ್ರೊವಲೋನ್, ಎರಡೂ ಬದಿಗೆ ಹಾಸಿದ ಹಾಗೆ. ಚೀಸು ಕೆಳಗಿದ್ದರೆ ಮೇಲಿನ ತೇವ ಬ್ರೆಡ್ಡಿಗೆ ಬೇಗ ಇಳಿಯುವುದಿಲ್ಲ. ಆಮೇಲೆ ಮಾಂಸ. ಒಂದೊಂದು ಹೋಳನ್ನೂ ಬಿಡಿಸಿ, ಸಡಿಲವಾಗಿ ಮಡಿಸಿ ಇಡಿ. ಅಂಗಡಿಯಿಂದ ಬಂದ ಅಟ್ಟಿಯನ್ನೇ ಎತ್ತಿ ಇಟ್ಟರೆ ತೆಳ್ಳಗೆ ಹೆಚ್ಚಿಸಿದ್ದು ದಂಡ. ಅದರ ಮೇಲೆ ಟೊಮೆಟೊ, ಈರುಳ್ಳಿ, ಕೊನೆಗೆ ಲೆಟಿಸ್. ಎಣ್ಣೆ, ವಿನೆಗರ್ ಎರಡನ್ನೂ ತರಕಾರಿಯ ಮೇಲೆ ಹಾಕಿ, ಒರಿಗ್ಯಾನೊವನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿ. ಕಾಳುಮೆಣಸಿನ ಪುಡಿ ಸ್ವಲ್ಪ. ಉಪ್ಪು ಟೊಮೆಟೊಗೆ ಮಾತ್ರ, ಮಾಂಸದಲ್ಲೇ ಬೇಕಾದಷ್ಟಿದೆ. ಬಿಪಿ ಇರುವವರು ಅದನ್ನೂ ಬಿಡಿ, ಹೋಗೀಯನ್ನೂ ಅರ್ಧ ತಿನ್ನಿ.

ವಿನೆಗರ್ ಮಾತ್ರ ಬ್ರೆಡ್ಡಿಗೆ ನೇರವಾಗಿ ತಾಗದಿರಲಿ.

ಲೆಟಿಸ್, ಟೊಮೆಟೊ, ಈರುಳ್ಳಿ ಹೆಚ್ಚುವ ರೀತಿ ಇದೆಯಾ?

ಐಸ್‌ಬರ್ಗನ್ನು ಎಲೆಕೋಸಿನ ಪಲ್ಯಕ್ಕೆ ಹೆಚ್ಚುವಷ್ಟು ಸಣ್ಣಗೆ. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಈರುಳ್ಳಿ ಕಾಗದದಷ್ಟು ತೆಳು, ಘಾಟು ಜಾಸ್ತಿ ಇದ್ದರೆ ತಣ್ಣೀರಿನಲ್ಲಿ 10 ನಿಮಿಷ. ಟೊಮೆಟೊ ವಿಷಯದಲ್ಲಿ ಕಾಲ ನೋಡಬೇಕು. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಜರ್ಸಿ ಟೊಮೆಟೊ ಸಿಗುತ್ತದೆ, ಹೋಗೀ ಮಾಡಲು ಅದೇ ಒಳ್ಳೆಯ ಕಾಲ. ಚಳಿಗಾಲದ ಬಿಳಿಚಿದ ಟೊಮೆಟೊ ಹಾಕುವ ಬದಲು ಜಾಡಿಯ ಕೆಂಪು ಕ್ಯಾಪ್ಸಿಕಂ ಹಾಕಿ.

ಎಣ್ಣೆ, ವಿನೆಗರ್ ಯಾವುದು?

ಸಾಧಾರಣ ಆಲಿವ್ ಎಣ್ಣೆ, ರೆಡ್ ವೈನ್ ವಿನೆಗರ್. ಬಾಲ್ಸಮಿಕ್ ಸಿಹಿಯಾಗಿರುತ್ತದೆ, ಬೇಡ. ಎಣ್ಣೆ ಸಾಕು, ವಿನೆಗರ್ ಬೇಡ ಅನ್ನುವ ಹಳಬರೂ ಇಲ್ಲಿದ್ದಾರೆ. ಹುಳಿ ಇಲ್ಲದೆ ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುತ್ತದೆ ಅಲ್ವಾ, ನಾನು ಹಾಕುತ್ತೇನೆ.

ಮೇಯನೇಸ್?

ಇಟಾಲಿಯನ್ ಹೋಗೀಗೆ ಬೇಡ. ಟರ್ಕಿ ಹೋಗೀಗೆ ಹಾಕಿಕೊಳ್ಳಿ.

ನಮಗೆ ಖಾರ ಬೇಕು. ಉಪ್ಪಿನಕಾಯಿ, ಹಸಿಮೆಣಸಿನಕಾಯಿ ಹಾಕಬಹುದಾ?

ಇಲ್ಲಿನವರೂ ಖಾರ ಹಾಕುತ್ತಾರೆ. ವಿನೆಗರಿನಲ್ಲಿ ನೆನೆಸಿದ ಹಾಟ್ ಚೆರ್ರಿ ಪೆಪ್ಪರ್ ಜಾಡಿಯಲ್ಲಿ ಸಿಗುತ್ತದೆ. ಅದನ್ನೇ ಕೊಚ್ಚಿದ್ದಕ್ಕೆ ಹೋಗೀ ಸ್ಪ್ರೆಡ್ ಅಂತ ಹೆಸರು. ಒಂದು ದೊಡ್ಡ ಚಮಚ ಮಾಂಸದ ಮೇಲೆ ಹರಡಿ. ಖಾರ, ಹುಳಿ ಒಟ್ಟಿಗೆ ಬರುತ್ತದೆ, ಕೊಬ್ಬಿನ ಜಿಡ್ಡೂ ಬಾಯಲ್ಲಿ ನಿಲ್ಲುವುದಿಲ್ಲ. ಹಸಿಮೆಣಸಿನಕಾಯಿಯಲ್ಲಿ ಬರೀ ಖಾರ ಇದೆ, ಹಾಕುವುದಾದರೆ ಬಿಲ್ಲೆ ಮಾಡಿ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ. ಮಾವಿನ ಉಪ್ಪಿನಕಾಯಿ ಬೇಡ. ಮೆಂತ್ಯ, ಇಂಗಿನ ವಾಸನೆ ಬಂದರೆ ಒರಿಗ್ಯಾನೊ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಕಟ್ಟಿದ ಕೂಡಲೇ ತಿನ್ನಬೇಕಾ?

10-15 ನಿಮಿಷ ಕಾಯಿರಿ. ಬೇಕಿಂಗ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ತುದಿ ಒಳಗೆ ಮಡಚಿ ಮೇಜಿನ ಮೇಲಿಡಿ. ಆ ಹೊತ್ತಿನಲ್ಲಿ ಎಣ್ಣೆ ಒಳಗೆ ಹರಡುತ್ತದೆ, ಬ್ರೆಡ್ ಮತ್ತು ಮಾಂಸ ಒಂದಕ್ಕೊಂದು ಕೂತುಕೊಳ್ಳುತ್ತದೆ. ಆಮೇಲೆ ಕಾಗದದ ಸಮೇತ ಹಲ್ಲಿನ ಚಾಕುವಿನಲ್ಲಿ ನಡುವೆ ಕೊಯ್ಯಿರಿ. ಒಂದೂ ಚೂರು ಹೊರಗೆ ಬೀಳುವುದಿಲ್ಲ.

ಪಿಕ್ನಿಕ್ಕಿಗೆ, ಆಫೀಸಿಗೆ ಒಯ್ಯಬಹುದಾ?

ಒಯ್ಯಬಹುದು. ಬ್ರೆಡ್, ಚೀಸು, ಮಾಂಸ ಕಟ್ಟಿಕೊಳ್ಳಿ. ತರಕಾರಿ ಬೇರೆ ಡಬ್ಬಿ, ಎಣ್ಣೆ ವಿನೆಗರ್ ಸಣ್ಣ ಬಾಟಲಿ. ತಿನ್ನುವಾಗ ಸೇರಿಸಿ. ಫ್ರಿಜ್ಜಿನ ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಐಸ್ ಪ್ಯಾಕ್ ಇರುವ ಚೀಲ ಒಳ್ಳೆಯದು.

ಗರ್ಭಿಣಿಯರು ತಿನ್ನಬಹುದಾ?

ತಣ್ಣನೆಯ ಡೆಲಿ ಮಾಂಸ ಬೇಡ. ಅದರಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಇರುವ ಅಪಾಯ ಇದೆ. ಫ್ರಿಜ್ಜಿನ ತಣ್ಣಗೂ ಅದು ಬೆಳೆಯುತ್ತದೆ, ಮಗುವಿಗೆ ತೊಂದರೆ ಮಾಡಬಲ್ಲದು. 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್, ಹಬೆಯಾಡುವಷ್ಟು ಬಿಸಿ ಮಾಡಿದರೆ ತಿನ್ನಬಹುದು. ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೂ ಇದೇ ಮಾತು. ಅವರಿಗೆ ಮೇಲೆ ಹೇಳಿದ ಬದನೆಕಾಯಿ ಹೋಗೀಯನ್ನೇ, ಈಗಷ್ಟೇ ಸುಟ್ಟ ಬದನೆಕಾಯಿಯಲ್ಲಿ ಮಾಡಿಕೊಡಿ. ಅವರ ಚೀಸೂ ಕೌಂಟರಿನದ್ದು ಬೇಡ, ಸೀಲ್ ಆದ ಪ್ಯಾಕೆಟ್ಟಿನದ್ದೇ ಇರಲಿ.

ಮಿಕ್ಕ ಮಾಂಸ, ರೋಲ್ ಎಷ್ಟು ದಿನ ಇಡಬಹುದು?

ಕೌಂಟರಿನಲ್ಲಿ ಹೆಚ್ಚಿಸಿ ತಂದ ಮಾಂಸ ಫ್ರಿಜ್ಜಿನಲ್ಲಿ 3ರಿಂದ 5 ದಿನ. ರೋಲನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗಿಗಿಂತ ಅಲ್ಲೇ ಬೇಗ ಒರಟಾಗುತ್ತದೆ. ತಂದ ದಿನವೇ ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿಡಿ. ಬೇಕಾದಾಗ ಹೊರಗೆ ತೆಗೆದು, ಮೆತ್ತಗಾದ ಮೇಲೆ ನೀರು ಸವರಿ ಅವನ್ನಿನಲ್ಲಿ ಬಿಸಿ ಮಾಡಿ. ಎರಡು ಚೂರು ಸಲಾಮಿ, ಸ್ವಲ್ಪ ಪ್ರೊವಲೋನ್ ಅಷ್ಟೇ ಉಳಿದಿದ್ದರೆ ಬೆಳಿಗ್ಗೆ ಆಮ್ಲೆಟ್ಟಿಗೆ ಕತ್ತರಿಸಿ ಹಾಕಿ, ಉಪ್ಪು ಬೇರೆ ಹಾಕಬೇಡಿ.